ಎಲ್ಕ್ ಬೇಟೆಗೆ ಹಗುರ ರೈಫಲ್ ಆರಿಸುವುದು ಹೇಗೆ: ತೂಕ, ತೋಟಾ, ಒದೆತದ ಲೆಕ್ಕಾಚಾರ

ಅಮೆರಿಕದ ಕೊಲೊರಾಡೊದ ಬೆಟ್ಟಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಹುಡುಕುತ್ತಾ ಹತ್ತು ಸಾವಿರ ಅಡಿ ಎತ್ತರದಲ್ಲಿ ಒಂಬತ್ತು ಪೌಂಡಿನ ಕೋವಿ ಹೊತ್ತು ಒಂದು ದಿನ ಅಲೆದವರು ಸಂಜೆ ಟೆಂಟಿಗೆ ಮರಳುವಾಗ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ: ಮುಂದಿನ ವರ್ಷ ಹಗುರವಾದದ್ದನ್ನು ಕೊಳ್ಳಬೇಕು. ತೀರ್ಮಾನ ಸರಿಯೇ. ತಪ್ಪಾಗುವುದು ಆಮೇಲೆ, ಅಂಗಡಿಯಲ್ಲಿ. "ಎಲ್ಕ್ ದೊಡ್ಡ ಪ್ರಾಣಿ ಸಾರ್, ಮ್ಯಾಗ್ನಮ್ಮೇ ಬೇಕು" ಎಂದು ಹೇಳಿ ಐದೂವರೆ ಪೌಂಡಿನ .300 ವಿಂಚೆಸ್ಟರ್ ಮ್ಯಾಗ್ನಮ್ (ಹೆಚ್ಚು ಮದ್ದಿನ, ಜೋರಿನ ತೋಟಾ ಹಾರಿಸುವ ಕೋವಿ) ಒಂದನ್ನು ಕೈಗಿಡುತ್ತಾರೆ. ಹೊರಲು ಅದರಷ್ಟು ಹಿತವಾದದ್ದಿಲ್ಲ. ಆದರೆ ಗುಂಡು ಹಾರಿಸುವ ಅಂಕಣಕ್ಕೆ ಒಯ್ದು ಒಂದು ಪೆಟ್ಟಿಗೆ ತೋಟಾ ಮುಗಿಸುವಷ್ಟರಲ್ಲಿ ಭುಜ ನೀಲಿಗಟ್ಟಿರುತ್ತದೆ, ಕುದುರೆ (ಟ್ರಿಗರ್) ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸವೂ ಅಂಟಿರುತ್ತದೆ. ಆ ಅಭ್ಯಾಸ ಬಿಡಿಸಲು ವರ್ಷಗಳೇ ಬೇಕು.

ಕೋವಿಯಿಂದ ಕಳೆದ ತೂಕ ಎಲ್ಲಿಗೂ ಹೋಗುವುದಿಲ್ಲ, ಒದೆತವಾಗಿ ಭುಜಕ್ಕೆ ಬರುತ್ತದೆ. ಹಾಗಾಗಿ ಕೋವಿಯನ್ನು ಹಗುರ ಮಾಡಿಕೊಳ್ಳುವವರು ತೋಟಾವನ್ನೂ ಸೌಮ್ಯ ಮಾಡಿಕೊಳ್ಳಬೇಕು. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ. ಉಳಿದದ್ದೆಲ್ಲ ಅದನ್ನು ಜಾರಿಗೆ ತರುವ ವಿಧಾನ.

ಇದನ್ನು ಬರೆಯುತ್ತಿರುವುದು ಅಮೆರಿಕದಲ್ಲಿ ನೆಲೆಸಿ, ಮೊದಲ ಅಥವಾ ಎರಡನೆಯ ಎಲ್ಕ್ ಬೇಟೆಗೆ ಸಿದ್ಧರಾಗುತ್ತಿರುವ ಕನ್ನಡಿಗರಿಗೆ. ಊರಿನಲ್ಲಿ ಕೂತು ಓದುತ್ತಿರುವವರಿಗೆ ಬೇರೆ ಹೇಳಬೇಕಿಲ್ಲ: ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಬೇಟೆಗಲ್ಲ. ಅಮೆರಿಕದ ಪರ್ವತ ರಾಜ್ಯಗಳ ಕಥೆ ಬೇರೆ. ಅಲ್ಲಿ ಪ್ರತಿ ವಲಯಕ್ಕೆ ಎಷ್ಟು ಪ್ರಾಣಿ ಎಂದು ಸರ್ಕಾರವೇ ಲೆಕ್ಕ ಹಾಕಿ ಟ್ಯಾಗ್ (ಒಂದು ಪ್ರಾಣಿ ಹೊಡೆಯುವ ಅನುಮತಿ ಚೀಟಿ) ಕೊಡುತ್ತದೆ. ವನ್ಯಜೀವಿ ಇಲಾಖೆಗಳ ಆದಾಯದ ದೊಡ್ಡ ಪಾಲು ಆ ಶುಲ್ಕದಿಂದಲೇ ಬರುತ್ತದೆ.

ಮೊದಲು ಕಾಗದಪತ್ರ

ರೈಫಲ್ ಅಂಗಡಿಗೆ ಹೋಗುವ ಮುನ್ನ ನಿಮ್ಮ ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ನಮಗೆ ಮುಖ್ಯವಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಅಂದರೆ ಪರವಾನಗಿ ಮೊದಲು, ಕೋವಿ ಆಮೇಲೆ. ಗೆಳೆಯನ ಕೋವಿಯನ್ನು ಅಂಕಣದಲ್ಲಿ ಹಿಡಿದು ಹಾರಿಸುವುದೂ "ಇಟ್ಟುಕೊಳ್ಳುವುದು" ಎಂದೇ ಲೆಕ್ಕಕ್ಕೆ ಬರಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುವುದರಿಂದ, ವಲಸೆಯ ಅರ್ಜಿ ಬಾಕಿ ಇರುವವರು ವಕೀಲರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಎರಡನೆಯದು ಬೇಟೆ ಸುರಕ್ಷತಾ ತರಬೇತಿ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಯಾರಿಗೂ ಈ ಪ್ರಮಾಣಪತ್ರವಿಲ್ಲದೆ ಪರವಾನಗಿ ಸಿಗದು. ಟ್ಯಾಗ್ ಲಾಟರಿಯ ಅರ್ಜಿ ಏಪ್ರಿಲ್ ಮೊದಲ ವಾರದಲ್ಲೇ ಮುಗಿಯುವುದರಿಂದ ತರಬೇತಿಯನ್ನು ಚಳಿಗಾಲದಲ್ಲೇ ಮುಗಿಸಿಕೊಳ್ಳಿ.

ಮೂರನೆಯದು ಕೋವಿಯ ಬಗ್ಗೆ ರಾಜ್ಯ ಹಾಕಿರುವ ಮಿತಿ. ಎಲ್ಕ್‌ಗೆ ಕೊಲೊರಾಡೊ ಕೇಳುವುದು ಇಷ್ಟು: ಕನಿಷ್ಠ .24 ಕ್ಯಾಲಿಬರ್ (ನಳಿಗೆಯ ಒಳವ್ಯಾಸ, 6 ಮಿ.ಮೀ.), ಕನಿಷ್ಠ 16 ಇಂಚಿನ ನಳಿಗೆ, 85 ಗ್ರೇನ್‌ಗೆ (ಗುಂಡು ತೂಗುವ ಸಣ್ಣ ಅಳತೆ) ಕಡಿಮೆಯಿಲ್ಲದ, ಒಳಹೊಕ್ಕಾಗ ಅರಳುವ ಗುಂಡು, 100 ಗಜದಲ್ಲಿ ಕನಿಷ್ಠ 1000 ಫುಟ್-ಪೌಂಡ್ ಶಕ್ತಿ. ಕಾನೂನಿನ ಪ್ರಕಾರ .243 ತೋಟಾ ಕೂಡ ಪಾಸು. ಆದರೆ ಕಾನೂನು ಹೇಳುವುದು ತಳಮಿತಿಯನ್ನು, ನಾನು ಅಲ್ಲಿಂದ ಎರಡು ಮೆಟ್ಟಿಲು ಮೇಲೆ ನಿಲ್ಲುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ಇನ್ನೊಂದು ನೆನಪಿಡಬೇಕು: 2019ರ ಜುಲೈ 1ರಿಂದ ಅಲ್ಲಿ ಯಾವುದೇ ಬೇಟೆಗೂ ಸೀಸದ ಗುಂಡು ಬಳಸುವಂತಿಲ್ಲ. ಅದು ನಿಮ್ಮ ತೋಟಾದ ಆಯ್ಕೆಯನ್ನೇ ಬದಲಿಸುತ್ತದೆ.

ಎದುರಿಗಿರುವ ಪ್ರಾಣಿ

ಎಲ್ಕ್ ನಮ್ಮ ಕಡವೆಯ ಬಳಗದ್ದೇ, ಆದರೆ ಗಾತ್ರ ಮಿಗಿಲು. ಬಲಿತ ರಾಕಿ ಪರ್ವತದ ಗಂಡು ಸುಮಾರು 300 ಕಿಲೋ ಮೇಲೆ ತೂಗುತ್ತದೆ, ಹೆಣ್ಣು 220–230 ಕಿಲೋ. ಭುಜದ ಮೂಳೆ ದಪ್ಪ, ಚರ್ಮ ದಪ್ಪ, ಜೀವ ಗಟ್ಟಿ. ಶ್ವಾಸಕೋಶಕ್ಕೆ ಸರಿಯಾಗಿ ಗುಂಡು ತಗುಲಿದ ಎಲ್ಕ್ ಕೂಡ ಏನೂ ಆಗದಂತೆ ಕೆಲವು ಕ್ಷಣ ನಿಂತೇ ಇರುವುದುಂಟು. ಈಡು ತಪ್ಪಿತೆಂದುಕೊಂಡು ಹೊಸಬರು ಕೋವಿ ಇಳಿಸಿಬಿಡುತ್ತಾರೆ. ನಿಂತಿರುವವರೆಗೆ ಎರಡನೆಯ ಈಡು, ಮೂರನೆಯ ಈಡು ಹಾರಿಸುತ್ತಲೇ ಇರಬೇಕು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ: ಒದೆತ ತಾಳಲಾರದ ಕೋವಿಯಲ್ಲಿ ಆ ಎರಡನೆಯ ಈಡು ಬೇಗ ಬರುವುದಿಲ್ಲ, ಬಂದರೂ ಗುರಿಗೆ ಬರುವುದಿಲ್ಲ.

ಪಕ್ಕಕ್ಕೆ ನಿಂತ ಎಲ್ಕಿನ ಹೃದಯ-ಶ್ವಾಸಕೋಶದ ಭಾಗ ಸುಮಾರು ಒಂದು ಅಡಿಗಿಂತ ತುಸು ಅಗಲ. ಮುಂಗಾಲಿನ ಹಿಂದೆ, ಮೈಯ ಎತ್ತರದ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ. ನೇರ ಹಿಂದಿನಿಂದ, ತಲೆಗೆ, ಓಡುವಾಗ ಹಾರಿಸಬೇಡಿ.

ಎಷ್ಟು ದೂರ? ಇದನ್ನು ಕೋವಿಗಿಂತ ಮೊದಲೇ ನಿರ್ಧರಿಸಿ

ಎಲ್ಕ್ ಬೇಟೆಯ ವಿಡಿಯೊ ನೋಡಿ ಬಂದವರ ತಲೆಯಲ್ಲಿ 600–700 ಗಜ ಇರುತ್ತದೆ. ಆ ದೂರದ ಆಟಕ್ಕೆ ಬೇಕಿರುವ ಕೋವಿ ಭಾರದ್ದು, ಉದ್ದದ್ದು, ದೊಡ್ಡ ಸ್ಕೋಪಿನದು. ನಮ್ಮ ಇಂದಿನ ವಿಷಯಕ್ಕೆ ಅದು ತೀರಾ ವಿರುದ್ಧ. ಅಕ್ಟೋಬರ್ ಕೊನೆಯ ಹೊತ್ತಿಗೆ ಎಲ್ಕ್ ಹಗಲೆಲ್ಲ ಕತ್ತಲೆಗಟ್ಟಿದ ಸ್ಪ್ರೂಸ್ ಕಾಡಿನೊಳಗೆ ಇರುತ್ತದೆ, ಅಲ್ಲಿ ಎದುರಾದರೆ 80 ಗಜವೂ ದೂರವೇ. ಬೆಳಗು-ಸಂಜೆ ಹುಲ್ಲುಗಾವಲಿನ ಅಂಚಿಗೆ ಬಂದಾಗ 200–300 ಗಜ.

ನಿಮ್ಮ ಮಿತಿ ಕಂಡುಕೊಳ್ಳಲು ಸುಲಭದ ದಾರಿ ಇದೆ. ಹತ್ತು ಇಂಚಿನ ಕಾಗದದ ತಟ್ಟೆಯೊಂದನ್ನು ನೆಟ್ಟು, ಬೆಂಚ್ ಇಲ್ಲದೆ, ನೆಲದಲ್ಲಿ ಕೂತು, ಬೆನ್ನುಚೀಲದ ಮೇಲೋ ನಡೆಗೋಲಿನ ಮೇಲೋ ಕೋವಿ ಇಟ್ಟು ಐದು ಈಡು ಹಾರಿಸಿ. ಐದಕ್ಕೆ ಐದೂ ತಟ್ಟೆಗೆ ಬೀಳುವ ಅತಿ ಹೆಚ್ಚಿನ ದೂರವೇ ನಿಮ್ಮ ದೂರ. ನಾಲ್ಕು ಬಿದ್ದರೆ ಹತ್ತಿರ ಸರಿಯಿರಿ. ಹೆಚ್ಚಿನವರಿಗೆ ಅದು 200ರಿಂದ 300 ಗಜದೊಳಗೆ ನಿಲ್ಲುತ್ತದೆ. ಮುಂದಿನ ಎಲ್ಲ ಲೆಕ್ಕವನ್ನೂ ನಾನು 300 ಗಜಕ್ಕೆ ಹಾಕಿದ್ದೇನೆ.

ತೂಕ: ತಕ್ಕಡಿಯಲ್ಲಿ ಏನೇನು ಇಡಬೇಕು

ಕಂಪನಿಯವರು ಹೇಳುವ ತೂಕ ಬರಿ ಕೋವಿಯದ್ದು. ನೀವು ಹೊರುವುದು ಬೇರೆ. ಆರು ಪೌಂಡಿನ ರೈಫಲ್‌ಗೆ ಮುಕ್ಕಾಲು ಪೌಂಡಿನ ಸ್ಕೋಪು, ಅದನ್ನು ಹಿಡಿದಿಡುವ ಬಳೆಗಳು, ಪಟ್ಟಿ, ನಾಲ್ಕು ತೋಟಾ ಸೇರಿಸಿದರೆ ಏಳೂಕಾಲು ಪೌಂಡ್ ಹತ್ತಿರ ಬರುತ್ತದೆ. ಈ ಒಟ್ಟು ತೂಕವನ್ನೇ ಗುರಿಯಾಗಿ ಇಟ್ಟುಕೊಳ್ಳಿ. ಪರ್ವತದ ಎಲ್ಕ್ ಬೇಟೆಗೆ ನನ್ನ ಶಿಫಾರಸು 7ರಿಂದ 7.5 ಪೌಂಡ್, ಅಂದರೆ 3.2–3.4 ಕಿಲೋ. ಎಂಟು ದಾಟಿದರೆ ಅದನ್ನು ಹಗುರ ಎನ್ನಲಾಗದು. ಆರೂವರೆಗಿಂತ ಕೆಳಗಿಳಿದರೆ ಹೊರುವುದು ಸುಖ, ಹಾರಿಸುವುದು ಕಷ್ಟ.

ಆ ಕಷ್ಟಕ್ಕೆ ಒದೆತವೊಂದೇ ಕಾರಣವಲ್ಲ. ಏದುಸಿರು ಬಿಡುತ್ತಾ ದಿಣ್ಣೆಯ ಮೇಲೆ ಬಂದು ಕೂತಾಗ ಹಗುರ ಕೋವಿ ಪ್ರತಿ ಉಸಿರಿಗೂ, ಪ್ರತಿ ಎದೆಬಡಿತಕ್ಕೂ ಅಲುಗುತ್ತದೆ. ಭಾರದ ಕೋವಿ ತಾನಾಗಿಯೇ ನಿಂತುಕೊಳ್ಳುತ್ತದೆ. ಹಾಗಾಗಿ ತೂಕ ಇಳಿಸುವುದಾದರೆ ಹಿಂಭಾಗದಿಂದ, ಸ್ಕೋಪಿನಿಂದ, ಬಿಡಿಭಾಗಗಳಿಂದ ಇಳಿಸಿ. ನಳಿಗೆಯ ತುದಿ ಕೊಂಚ ಭಾರವಾಗಿರಲಿ. ಅಂಗಡಿಯಲ್ಲಿ ಕೋವಿ ಎತ್ತಿ ಹಿಡಿದಾಗ ಮೂತಿ ಗಾಳಿಯಲ್ಲಿ ತೇಲಾಡಿದರೆ ಅದು ನಿಮಗಲ್ಲ.

ಹಗುರ ರೈಫಲ್ ಎಂಬ ಕಲ್ಪನೆ ಹೊಸದೇನಲ್ಲ. ವಿಂಚೆಸ್ಟರ್ ತನ್ನ ಮಾಡೆಲ್ 70ರ ಫೆದರ್‌ವೇಟ್ ರೂಪವನ್ನು ತಂದದ್ದು 1952ರಲ್ಲಿ. ಅದು ಇಂದಿಗೂ ಏಳು ಪೌಂಡ್ ಹತ್ತಿರ ತೂಗುತ್ತದೆ. ನಿಜವಾದ ತಿರುವು ಬಂದದ್ದು 1980ರ ದಶಕದಲ್ಲಿ, ವೆಸ್ಟ್ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ ಅವರಿಂದ. ಅವರು ಕಟ್ಟಿದ ಮಾಡೆಲ್ 20ರ ಯಂತ್ರಭಾಗದ (ತೋಟಾ ತುಂಬಿ ಹಾರಿಸುವ ಆ್ಯಕ್ಷನ್) ತೂಕ 20 ಔನ್ಸ್ ಮಾತ್ರ, ಹೆಸರೂ ಅದರಿಂದಲೇ ಬಂದದ್ದು. ಹಿಡಿಯನ್ನು (ನಳಿಗೆ ಕೂರುವ, ಭುಜಕ್ಕೆ ತಾಗುವ ಸ್ಟಾಕ್) ಮರದ ಬದಲು ಕೆವ್ಲಾರ್ ಮತ್ತು ಗ್ರಾಫೈಟ್‌ನಿಂದ ಮಾಡಿ, ನಳಿಗೆ ತುದಿಯವರೆಗೂ ಅದಕ್ಕೆ ಅಂಟಿಕೊಂಡು ಕೂರುವಂತೆ ಮಾಡಿದರು. ನಳಿಗೆ ಹಿಡಿಗೆ ತಾಗದೆ ತೇಲುತ್ತಿರಬೇಕು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಐದು ಪೌಂಡಿನ ಕೋವಿಯಿಂದ ನೇರ ಗುರಿ ಬರಿಸಿ ತೋರಿಸಿದರು. ಇಂದು ನಾವು ನೋಡುವ ಹಗುರ ರೈಫಲ್‌ಗಳೆಲ್ಲ ಯಾವುದೋ ಒಂದು ರೀತಿಯಲ್ಲಿ ಆ ಕೆಲಸಕ್ಕೆ ಋಣಿ.

ಒದೆತದ ಲೆಕ್ಕ

ಒದೆತವನ್ನು ಅಂದಾಜಿಗೆ ಬಿಡಬೇಡಿ, ಲೆಕ್ಕ ಹಾಕಬಹುದು. ಗುಂಡಿನ ತೂಕ, ಅದರ ವೇಗ, ಮದ್ದಿನ ತೂಕ, ಕೋವಿಯ ತೂಕ, ಈ ನಾಲ್ಕು ಸಿಕ್ಕರೆ ಸಾಕು. ಎಂಟು ಪೌಂಡಿನ ಕೋವಿಯಲ್ಲಿ 180 ಗ್ರೇನ್ ಗುಂಡಿನ .30-06 ಸುಮಾರು 20 ಫುಟ್-ಪೌಂಡ್ ಒದೆಯುತ್ತದೆ. ಅದೇ ತೋಟಾ ಆರು ಪೌಂಡಿನ ಕೋವಿಯಲ್ಲಿ ಹತ್ತಿರ ಹತ್ತಿರ 27. ಎರಡು ಪೌಂಡ್ ಕಳೆದದ್ದಕ್ಕೆ ಮೂರನೇ ಒಂದು ಪಾಲು ಹೆಚ್ಚು ಒದೆತ. ವೇಗವೂ ಹೆಚ್ಚುವುದರಿಂದ ಪೆಟ್ಟು ಇನ್ನೂ ಚುರುಕಾಗಿ ತಾಗುತ್ತದೆ.

ಎಲ್ಲ ಸೇರಿ ಏಳು ಪೌಂಡ್ ತೂಗುವ ಕೋವಿಗೆ, ಸಾಮಾನ್ಯ ಕಾರ್ಖಾನೆ ತೋಟಾಗಳ ಲೆಕ್ಕ ಹಾಕಿದರೆ ಸುಮಾರಾಗಿ ಹೀಗೆ ಬರುತ್ತದೆ:

- 6.5 ಕ್ರೀಡ್‌ಮೋರ್, 140 ಗ್ರೇನ್: 13–14 ಫುಟ್-ಪೌಂಡ್
- 7 ಎಂಎಂ-08 ರೆಮಿಂಗ್ಟನ್, 140 ಗ್ರೇನ್: 15
- .270 ವಿಂಚೆಸ್ಟರ್, 130 ಗ್ರೇನ್: 17–18
- .308 ವಿಂಚೆಸ್ಟರ್, 165 ಗ್ರೇನ್: 17–18
- .280 ಆಕ್ಲೀ ಇಂಪ್ರೂವ್ಡ್, 150 ಗ್ರೇನ್: 21–22
- .30-06, 180 ಗ್ರೇನ್: 23
- 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್, 160 ಗ್ರೇನ್: 24
- .300 ವಿಂಚೆಸ್ಟರ್ ಮ್ಯಾಗ್ನಮ್, 180 ಗ್ರೇನ್: 31
- .338 ವಿಂಚೆಸ್ಟರ್ ಮ್ಯಾಗ್ನಮ್, 225 ಗ್ರೇನ್: 37

ನನ್ನ ಅನುಭವದಲ್ಲಿ, ದಿನವೂ ಕೋವಿ ಹಿಡಿಯದ ಸಾಮಾನ್ಯ ಮೈಕಟ್ಟಿನವರಿಗೆ 20ರ ಆಚೆ ಗುರಿ ಕೆಡಲು ಶುರುವಾಗುತ್ತದೆ. 25 ದಾಟಿದರೆ ಅಭ್ಯಾಸಕ್ಕೇ ಮನಸ್ಸಾಗುವುದಿಲ್ಲ. ಅಭ್ಯಾಸ ಬಿಟ್ಟವರ ಕೈಯಲ್ಲಿ ಮ್ಯಾಗ್ನಮ್ ಇದ್ದೂ ಪ್ರಯೋಜನವಿಲ್ಲ. "ಬೇಟೆಯ ಹೊತ್ತಿನಲ್ಲಿ ಒದೆತ ಗೊತ್ತೇ ಆಗೋದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಿ, ಅದು ನಿಜ. ಆದರೆ ಕುದುರೆ ಒತ್ತುವ ಕ್ಷಣಕ್ಕೆ ಮೊದಲೇ ಕಣ್ಣು ಮುಚ್ಚುವುದು ಮೈಗೆ ಅಂಟಿದ ಚಟ, ಬೇಟೆಯ ಹೊತ್ತಿನಲ್ಲೂ ಅದು ಬಿಟ್ಟುಹೋಗುವುದಿಲ್ಲ.

ಮೂತಿಗೆ ಬ್ರೇಕ್ (ಅನಿಲವನ್ನು ಪಕ್ಕಕ್ಕೆ ಹರಿಸುವ ತೂತುಗಳ ತುಣುಕು) ಹಾಕಿಸಿದರೆ ಒದೆತ ಚೆನ್ನಾಗಿಯೇ ಇಳಿಯುತ್ತದೆ. ಆದರೆ ಸದ್ದು ಪಕ್ಕಕ್ಕೂ ಹಿಂದಕ್ಕೂ ಅಪ್ಪಳಿಸುತ್ತದೆ. ಕಿವಿಗೆ ರಕ್ಷಣೆಯಿಲ್ಲದೆ ಒಂದೇ ಈಡಿಗೆ ಶಾಶ್ವತ ಹಾನಿಯಾಗಬಹುದು, ಜೊತೆಗಾರನಿಗೂ ಅದೇ ಗತಿ. ಎಲ್ಕ್ ಎದ್ದು ನಿಂತಾಗ ಕಿವಿಗೆ ಬಿರಡೆ ಹಾಕಿಕೊಳ್ಳಲು ಯಾರಿಗೂ ನೆನಪಾಗುವುದಿಲ್ಲ. ನಾನು ಬ್ರೇಕ್ ಬೇಡ ಎನ್ನುವ ಪಕ್ಷ. ಶಬ್ದಶಾಮಕ ಒಳ್ಳೆಯ ದಾರಿ, ಕೊಲೊರಾಡೊದಲ್ಲಿ ಬೇಟೆಗೆ ಅದಕ್ಕೆ ಅಡ್ಡಿಯೂ ಇಲ್ಲ. ಆದರೆ ಅದರ ತೂಕ, ಉದ್ದ ಎರಡೂ ನಳಿಗೆಯ ತುದಿಗೇ ಸೇರುತ್ತವೆ, ನೋಂದಣಿಯ ಕೆಲಸವೂ ಬೇರೆ ಇದೆ.

ತೋಟಾ ಆಯ್ಕೆ

ಮೇಲಿನ ಪಟ್ಟಿಯನ್ನೇ ಇಟ್ಟುಕೊಂಡು ಮಾತಾಡೋಣ.

ಒಂದನ್ನೇ ಹೇಳು ಎಂದರೆ 7 ಎಂಎಂ-08 ಎನ್ನುತ್ತೇನೆ. .308 ತೋಟಾದ ಹಿತ್ತಾಳೆ ಕೊಳವೆಯ ಕುತ್ತಿಗೆಯನ್ನು 7 ಮಿ.ಮೀ.ಗೆ ಇಳಿಸಿ ಮಾಡಿದ್ದು, ರೆಮಿಂಗ್ಟನ್ 1980ರಲ್ಲಿ ಮಾರುಕಟ್ಟೆಗೆ ತಂದದ್ದು. 140 ಗ್ರೇನ್ ಗುಂಡು ಸೆಕೆಂಡಿಗೆ 2800 ಅಡಿ ಹೊರಟು 300 ಗಜದಲ್ಲಿ 2200 ಅಡಿಯ ಆಸುಪಾಸಿನಲ್ಲಿರುತ್ತದೆ, ಶಕ್ತಿ 1500 ಫುಟ್-ಪೌಂಡ್ ಮೇಲೆ. ಎಲ್ಕ್‌ಗೆ 1500 ಬೇಕು ಎಂಬ ಹಳೆಯ ಲೆಕ್ಕವೂ ಅಲ್ಲಿಗೆ ಪೂರೈಸಿತು. (ಆ 1500 ಎಂಬುದು ರೂಢಿಯ ಮಾತಷ್ಟೇ. 1499ಕ್ಕೆ ಎಲ್ಕ್ ನಗುವುದಿಲ್ಲ.) ಸಣ್ಣ ಕೊಳವೆಯಾದ್ದರಿಂದ ಗಿಡ್ಡ ಯಂತ್ರಭಾಗದ ಕೋವಿಯಲ್ಲಿ ಕೂರುತ್ತದೆ, ಅಲ್ಲೇ ಕೆಲವು ಔನ್ಸ್ ಉಳಿತಾಯ. ಒಂದೇ ತಕರಾರು: ವಾಲ್‌ಮಾರ್ಟಿನಲ್ಲೋ ಹಳ್ಳಿಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲೋ ತೋಟಾ ಸಿಗುವುದು ಖಾತ್ರಿಯಿಲ್ಲ.

ಆ ತಕರಾರು ನಿಮಗೆ ದೊಡ್ಡದಾದರೆ .308. 1952ರಿಂದ ಇದೆ, ಎಲ್ಲೆಲ್ಲೂ ಸಿಗುತ್ತದೆ, ಗಿಡ್ಡ ನಳಿಗೆಯಲ್ಲಿ ಹೆಚ್ಚು ವೇಗ ಕಳೆದುಕೊಳ್ಳುವುದಿಲ್ಲ. 20 ಇಂಚಿನ ನಳಿಗೆ ಬೇಕೆನ್ನುವವರಿಗೆ ಇದೇ ಸರಿ.

.270 ವಿಂಚೆಸ್ಟರ್ 1925ರದ್ದು. ನೂರು ವರ್ಷದಲ್ಲಿ ಅದು ಉರುಳಿಸಿದ ಎಲ್ಕಿನ ಲೆಕ್ಕ ಇಟ್ಟವರಿಲ್ಲ. .30-06ಕ್ಕಿಂತ ಕಡಿಮೆ ಒದೆತ, ಹೆಚ್ಚು ನೇರ ಹಾದಿ. ಉದ್ದ ಯಂತ್ರಭಾಗ ಬೇಕು, 22 ಇಂಚಿಗಿಂತ ಗಿಡ್ಡ ನಳಿಗೆಯಲ್ಲಿ ಅದರ ಸೊಗಸು ಕಳೆದುಹೋಗುತ್ತದೆ. ಮಾವನ ಮನೆಯ ಕಪಾಟಿನಲ್ಲಿ ಹಳೆಯ .270 ಇದ್ದರೆ ಹೊಸದಕ್ಕೆ ದುಡ್ಡು ಸುರಿಯಬೇಡಿ, ಒಳ್ಳೆಯ ಗುಂಡು ಕೊಳ್ಳಿ.

6.5 ಕ್ರೀಡ್‌ಮೋರ್ ಬಗ್ಗೆ ಎಲ್ಕ್ ಬೇಟೆಗಾರರಲ್ಲಿ ಜಗಳ ಮುಗಿಯುವುದಿಲ್ಲ. ಸಾಕಾಗದು ಎನ್ನುವವರಿಗೆ ಒಂದು ಉತ್ತರವಿದೆ: ಹೆಚ್ಚುಕಡಿಮೆ ಅಷ್ಟೇ ಶಕ್ತಿಯ 6.5×55 ಸ್ವೀಡಿಷ್ ತೋಟಾದಲ್ಲಿ ಸ್ಕ್ಯಾಂಡಿನೇವಿಯಾದವರು ನೂರು ವರ್ಷಕ್ಕೂ ಮಿಗಿಲಾಗಿ ಮೂಸ್ ಹೊಡೆಯುತ್ತಿದ್ದಾರೆ, ಮೂಸ್ ಎಂಬ ಜಿಂಕೆ ಜಾತಿ ಎಲ್ಕ್‌ಗಿಂತ ದೊಡ್ಡದು. ಆದರೆ ಅವರು ಗುಂಡನ್ನು ಜಾಗ್ರತೆಯಿಂದ ಆರಿಸುತ್ತಾರೆ, ಹತ್ತಿರದಿಂದ ಹಾರಿಸುತ್ತಾರೆ. ತೆಳ್ಳಗಿನ ಮೈಕಟ್ಟಿನವರಿಗೆ, ಹದಿಹರೆಯದ ಮಕ್ಕಳಿಗೆ, ಒದೆತಕ್ಕೆ ಅಂಜುವವರಿಗೆ 250 ಗಜದೊಳಗೆ ನಾನು ಧೈರ್ಯವಾಗಿ ಕೊಡುತ್ತೇನೆ.

.280 ಆಕ್ಲೀ ಇಂಪ್ರೂವ್ಡ್ ಪರ್ವತ ಬೇಟೆಗಾರರ ಮುದ್ದಿನ ಕೂಸು. 7 ಎಂಎಂ ಮ್ಯಾಗ್ನಮ್ಮಿಗೆ ಹತ್ತಿರದ ಕೆಲಸ, ಕಡಿಮೆ ಮದ್ದು. ಒದೆತ 20 ದಾಟುವುದರಿಂದ ಎರಡನೆಯ ಕೋವಿಯಾಗಿ ಕೊಳ್ಳಿ, ಮೊದಲನೆಯದಾಗಿ ಅಲ್ಲ. .30-06ಕ್ಕೂ ಅದೇ ಮಾತು, ಆದರೆ 150–165 ಗ್ರೇನ್ ತಾಮ್ರದ ಗುಂಡಿಗೆ ಇಳಿದರೆ ಅದೂ ಸೌಮ್ಯವಾಗುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್ ಒಳ್ಳೆಯ ಎಲ್ಕ್ ತೋಟಾ ಎಂಬುದರಲ್ಲಿ ಎರಡು ಮಾತಿಲ್ಲ, ಎಂಟೂವರೆ ಪೌಂಡಿನ ಕೋವಿಯಲ್ಲಿ. .338ನ್ನು ಈ ಬರಹದಲ್ಲಿ ಚರ್ಚಿಸುವುದೇ ಇಲ್ಲ.

ಗುಂಡು: ಇಲ್ಲಿ ಕಾಸು ನೋಡಬೇಡಿ

ತೋಟಾದ ಹೆಸರಿಗಿಂತ ಅದರ ತುದಿಯಲ್ಲಿ ಕೂತ ಗುಂಡು ಮುಖ್ಯ. ಅಮೆರಿಕದ ಜಾನ್ ನೋಸ್ಲರ್ 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಎಚ್ ಆಂಡ್ ಎಚ್ ಮ್ಯಾಗ್ನಮ್, ಆ ಕಾಲಕ್ಕೆ ದೊಡ್ಡ ಕೋವಿ. ಕೆಸರು ಮೆತ್ತಿದ ಮೂಸ್‌ಗೆ ಬಡಿದ ಗುಂಡುಗಳು ಒಳಹೋಗದೆ ಮೇಲ್ಮೈಯಲ್ಲೇ ಒಡೆದವು. ವಾಪಸು ಬಂದು ಅವರು ಗುಂಡಿನ ನಡುವೆ ತಾಮ್ರದ ಗೋಡೆಯೊಂದನ್ನು ಇಟ್ಟು ಪಾರ್ಟಿಷನ್ ಗುಂಡು ಮಾಡಿದರು: ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಒಳಗೆ ನುಗ್ಗುತ್ತದೆ. ಮ್ಯಾಗ್ನಮ್ ಕೈಕೊಟ್ಟದ್ದು ಶಕ್ತಿ ಸಾಲದೆ ಅಲ್ಲ, ಗುಂಡು ಸಾಲದೆ.

ಹಾಗಾಗಿ ಸಣ್ಣ ತೋಟಾ ಹಿಡಿದವರು ಗಟ್ಟಿ ಗುಂಡು ಹಿಡಿಯಬೇಕು. ಮೂರು ಬಗೆ ನಂಬಬಹುದು. ಒಂದು ನೋಸ್ಲರ್ ಪಾರ್ಟಿಷನ್ ಜಾತಿಯದು. ಎರಡನೆಯದು ಸೀಸ ಮತ್ತು ಹೊದಿಕೆಯನ್ನು ಬೆಸೆದು ಮಾಡಿದ ಬಾಂಡೆಡ್ ಗುಂಡು: ನೋಸ್ಲರ್ ಅಕ್ಯುಬಾಂಡ್, ಸ್ವಿಫ್ಟ್ ಸಿರೊಕೊ, ಫೆಡರಲ್ ಟ್ರೋಫಿ ಬಾಂಡೆಡ್. ಮೂರನೆಯದು ಪೂರ್ತಿ ತಾಮ್ರದ್ದು: ಬಾರ್ನ್ಸ್ ಟಿಟಿಎಸ್‌ಎಕ್ಸ್, ಹಾರ್ನಡಿ ಸಿಎಕ್ಸ್. ತಾಮ್ರದ ಗುಂಡು ತೂಕ ಕಳೆದುಕೊಳ್ಳದೆ ಆಳಕ್ಕೆ ಹೋಗುವುದರಿಂದ ಒಂದು ಹಂತ ಹಗುರದ್ದನ್ನು ಆರಿಸಬಹುದು, 7 ಎಂಎಂ-08ರಲ್ಲಿ 140ರ ಬದಲು 120 ಗ್ರೇನ್. ಹಗುರ ಗುಂಡೆಂದರೆ ಕಡಿಮೆ ಒದೆತ. ಮಾಂಸದಲ್ಲಿ ಸೀಸದ ಚೂರು ಸೇರುವ ಚಿಂತೆಯೂ ಇಲ್ಲ. ಆದರೆ ತಾಮ್ರಕ್ಕೆ ವೇಗ ಬೇಕು. ಸೆಕೆಂಡಿಗೆ 1800–2000 ಅಡಿಗಿಂತ ನಿಧಾನವಾದರೆ ಸರಿಯಾಗಿ ಅರಳದೆ ಸೂಜಿಯಂತೆ ತೂರಿಹೋಗಬಹುದು. ನೀವು ಕೊಳ್ಳುವ ತೋಟಾದ ವೇಗ 300 ಗಜದಲ್ಲಿ ಎಷ್ಟಿರುತ್ತದೆಂದು ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ, ನಿಮ್ಮ ನಳಿಗೆ ಅವರ ಪರೀಕ್ಷಾ ನಳಿಗೆಗಿಂತ ಗಿಡ್ಡವಿದ್ದರೆ ಇಂಚಿಗೆ 20–30 ಅಡಿ ಕಳೆಯಿರಿ.

ಸ್ಪರ್ಧೆಗೆಂದು ಮಾಡಿದ ಗುಂಡು ಕಾಗದದಲ್ಲಿ ಚೆಂದದ ಗುಂಪು ಬೀಳಿಸುತ್ತದೆ. ಎಲ್ಕಿನ ಭುಜಕ್ಕೆ ಅದು ಬೇಡ.

ರೈಫಲ್ ಕೈಗೆತ್ತಿಕೊಂಡಾಗ ನೋಡಬೇಕಾದ್ದು

ಸಾವಿರ ಡಾಲರಿನೊಳಗೆ ಕೊಳ್ಳುವವರಿಗೆ ಟಿಕ್ಕಾ ಟಿ3ಎಕ್ಸ್ ಲೈಟ್ ಹಗುರತನ, ನಯವಾದ ಬೋಲ್ಟು (ತೋಟಾ ಒಳತಳ್ಳುವ ಕೀಲು), ನೇರ ಗುರಿ ಮೂರನ್ನೂ ಕೊಡುತ್ತದೆ. ಆರು ಪೌಂಡ್ ಆಸುಪಾಸು. ಅದರ ಯಂತ್ರಭಾಗ ಎಲ್ಲ ತೋಟಾಕ್ಕೂ ಒಂದೇ ಉದ್ದದ್ದು, ಹಾಗಾಗಿ ಅದರಲ್ಲಿ .308 ತೆಗೆದುಕೊಂಡರೂ .30-06 ತೆಗೆದುಕೊಂಡರೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇನ್ನೂ ಕಡಿಮೆ ಬೆಲೆಗೆ ರೂಗರ್ ಅಮೆರಿಕನ್ ಇದೆ, ನೋಟ ಸಾಧಾರಣ, ಕೆಲಸ ನಿಯತ್ತಿನದು. ನಿಜಕ್ಕೂ ಗಿಡ್ಡ ತೋಟಾದ ಅಳತೆಗೇ ಕಟ್ಟಿದ ಸಪೂರ ಕೋವಿ ಬೇಕಾದರೆ ಕಿಂಬರ್ 84ಎಂ, ಐದೂವರೆ ಪೌಂಡ್ ಸುತ್ತಮುತ್ತ. ವೆದರ್‌ಬಿಯ ಟೈಟೇನಿಯಂ ಬ್ಯಾಕ್‌ಕಂಟ್ರಿ ಐದಕ್ಕಿಂತಲೂ ಕೆಳಗೆ ಬರುತ್ತದೆ, ಬೆಲೆ ಅಷ್ಟೇ ಮೇಲೆ ಹೋಗುತ್ತದೆ.

ಕಾರ್ಬನ್ ಸುತ್ತಿದ ನಳಿಗೆಯ ಬಗ್ಗೆ ಒಂದು ಮಾತು. ಅಷ್ಟೇ ದಪ್ಪದ ಉಕ್ಕಿನ ನಳಿಗೆಗಿಂತ ಅದು ಹಗುರ, ನಿಜ. ಆದರೆ ಬೇಟೆಯ ಕೋವಿಯ ಸಪೂರ ಉಕ್ಕಿನ ನಳಿಗೆಗಿಂತ ಹಗುರವಲ್ಲ, ಎಷ್ಟೋ ಸಲ ಭಾರವೇ. ಹಗುರಕ್ಕೆಂದು ಕಾರ್ಬನ್‌ಗೆ ದುಡ್ಡು ಕೊಡುವವರು ಎರಡನ್ನೂ ತಕ್ಕಡಿಗೆ ಹಾಕಿ ನೋಡಲಿ.

ಕುದುರೆಯನ್ನು ಖಾಲಿ ಕೋವಿಯಲ್ಲಿ ಒತ್ತಿ ನೋಡಿ. ಆರು ಪೌಂಡಿನ ಕೋವಿಗೆ ಐದು ಪೌಂಡ್ ಬಲ ಬೇಡುವ ಕುದುರೆ ಇದ್ದರೆ ಒತ್ತುವ ಬಲಕ್ಕೇ ಕೋವಿ ಜರುಗುತ್ತದೆ. ಎರಡೂವರೆಯಿಂದ ಮೂರೂವರೆ ಪೌಂಡ್ ಸರಿ, ಅದಕ್ಕಿಂತ ಹಗುರ ಮಾಡಿಕೊಂಡರೆ ಚಳಿಗೆ ಮರಗಟ್ಟಿದ ಬೆರಳಿಗೆ ಅಪಾಯ.

ಹಿಡಿಯ ಉದ್ದ ನಮ್ಮವರು ಮರೆಯುವ ವಿಷಯ. ಕಾರ್ಖಾನೆಯ ಕೋವಿಗಳಲ್ಲಿ ಕುದುರೆಯಿಂದ ಹಿಂಬದಿಗೆ ಸುಮಾರು ಹದಿಮೂರೂವರೆ ಇಂಚು ಇರುತ್ತದೆ. ಐದಡಿ ಐದಿಂಚಿನವರಿಗೆ ನವೆಂಬರಿನ ದಪ್ಪ ಜಾಕೆಟ್ ಹಾಕಿಕೊಂಡಾಗ ಇದು ಉದ್ದವಾಗುತ್ತದೆ, ಕೋವಿ ಭುಜದ ಗುಳಿಗೆ ಕೂರದೆ ತೋಳಿನ ಮೇಲೆ ಕೂರುತ್ತದೆ. ಆಗ 15 ಫುಟ್-ಪೌಂಡೂ 25ರಂತೆ ನೋಯಿಸುತ್ತದೆ. ಅಂಗಡಿಗೆ ಬೇಟೆಯ ಜಾಕೆಟ್ ಹಾಕಿಕೊಂಡೇ ಹೋಗಿ. ಹಿಂಬದಿಗೆ ಒಳ್ಳೆಯ ರಬ್ಬರ್ ಮೆತ್ತೆ ಇರಲಿ.

ಕಳಚುವ ಮ್ಯಾಗಜೀನ್ ಇದ್ದರೆ ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ತುಕ್ಕು ಹಿಡಿಯದ ಉಕ್ಕು ಹಿಮದಲ್ಲಿ ನೆಮ್ಮದಿ.

ಸ್ಕೋಪು

ಹಗುರ ಕೋವಿ ಕೊಂಡು ಅದರ ತಲೆಯ ಮೇಲೆ ಎರಡು ಪೌಂಡಿನ ಸ್ಕೋಪ್ ಕೂರಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. 300 ಗಜಕ್ಕೆ 9 ಪಟ್ಟು ದೊಡ್ಡದಾಗಿ ಕಂಡರೆ ಸಾಕು. 3–9×40 ಅಥವಾ 2.5–8×36ರಂಥ (ಮೊದಲ ಅಂಕಿಗಳು ಎಷ್ಟು ಪಟ್ಟು ಎಂಬುದು, ಕೊನೆಯದು ಮುಂದಿನ ಗಾಜಿನ ಅಗಲ ಮಿ.ಮೀ.ನಲ್ಲಿ) ಸ್ಕೋಪ್ 12 ಔನ್ಸ್ ಹತ್ತಿರ ತೂಗುತ್ತದೆ. ಲ್ಯೂಪೋಲ್ಡ್‌ನವರು ಈ ಅಳತೆಯದನ್ನು ದಶಕಗಳಿಂದ ಮಾಡುತ್ತಿದ್ದಾರೆ. ಕಾಡಿನೊಳಗೆ ಎದುರಾದ ಎಲ್ಕ್‌ಗೆ ಅತಿ ಕಡಿಮೆ ಪಟ್ಟು ಬೇಕು, ಸ್ಕೋಪನ್ನು ಯಾವಾಗಲೂ ಅದರಲ್ಲೇ ಇಟ್ಟುಕೊಂಡು ನಡೆಯಿರಿ.

ಕಣ್ಣಿಗೂ ಸ್ಕೋಪಿಗೂ ಮೂರೂವರೆ ಇಂಚಿಗೆ ಕಡಿಮೆಯಿಲ್ಲದ ಅಂತರ ಇರಬೇಕು. ಹಗುರ ಕೋವಿ ಹಿಂದಕ್ಕೆ ಜೋರಾಗಿ ಬರುತ್ತದೆ, ಇಳಿಜಾರಿನಲ್ಲಿ ಮೇಲ್ಮುಖವಾಗಿ ಹಾರಿಸುವಾಗ ಸ್ಕೋಪಿನ ಅಂಚು ಹುಬ್ಬನ್ನು ಸೀಳುವುದು ಸಾಮಾನ್ಯ.

ಗುರಿ ಹೊಂದಿಸುವುದು ಮತ್ತು ಅಭ್ಯಾಸ

ಸಪೂರ ನಳಿಗೆ ಬೇಗ ಕಾಯುತ್ತದೆ. ಮೂರು ಈಡಾದ ಮೇಲೆ ಬೋಲ್ಟ್ ತೆರೆದಿಟ್ಟು, ಮುಟ್ಟಿದರೆ ತಣ್ಣಗಿದೆ ಎನಿಸುವವರೆಗೆ ಕಾಯಿರಿ. ತಣ್ಣಗಿನ ನಳಿಗೆಯಿಂದ ಹೊರಟ ಮೊದಲ ಈಡು ಎಲ್ಲಿ ಬೀಳುತ್ತದೆ ಎಂಬುದೇ ಬೇಟೆಗೆ ಲೆಕ್ಕ. ಬೇರೆ ಬೇರೆ ದಿನದ ಮೊದಲ ಈಡುಗಳನ್ನು ಒಂದೇ ಕಾಗದದ ಮೇಲೆ ಹಾರಿಸಿ ಇಟ್ಟುಕೊಳ್ಳಿ. ಆ ಕಾಗದ ನಿಮ್ಮ ಕೋವಿಯ ನಿಜವಾದ ಜಾತಕ.

ಹಗುರ ಕೋವಿಯನ್ನು ಮರಳುಚೀಲದ ಮೇಲೆ ಬಿಟ್ಟು ಕೈ ಹಿಂದೆ ತೆಗೆದರೆ ಅದು ಎಗರುತ್ತದೆ, ಗುಂಡು ಮೇಲೆ ಬೀಳುತ್ತದೆ. ಮುಂಗೈಯಿಂದ ಮುಂಭಾಗವನ್ನು ಹಿಡಿದು, ಭುಜಕ್ಕೆ ಹದವಾಗಿ ಎಳೆದುಕೊಳ್ಳಿ. ಬೆಂಚಿನಲ್ಲೂ ಬೆಟ್ಟದಲ್ಲೂ ಹಿಡಿತ ಒಂದೇ ಇರಲಿ.

100 ಗಜದಲ್ಲಿ ಸುಮಾರು ಎರಡು ಇಂಚು ಮೇಲೆ ಬೀಳುವಂತೆ ಹೊಂದಿಸಿದರೆ 7 ಎಂಎಂ-08 ಹತ್ತಿರ ಹತ್ತಿರ 200 ಗಜದಲ್ಲಿ ಗುರಿಗೆ ಬರುತ್ತದೆ, 300ರಲ್ಲಿ ಏಳೆಂಟು ಇಂಚು ಕೆಳಗೆ. ಅಂದರೆ 250 ಗಜದವರೆಗೆ ಬೇರೇನೂ ಯೋಚಿಸದೆ ಎದೆಯ ಮಧ್ಯಕ್ಕೆ ಹಿಡಿಯಬಹುದು. 400ರಲ್ಲಿ ಇಳಿತ 20 ಇಂಚು ದಾಟುತ್ತದೆ, ಗಾಳಿಯ ಲೆಕ್ಕ ಬೇರೆ. ನಾನು ಅಲ್ಲಿಗೆ ಹೋಗಬೇಡಿ ಎನ್ನುವುದು ಇದಕ್ಕೇ.

ಅಭ್ಯಾಸವನ್ನೆಲ್ಲ ದೊಡ್ಡ ಕೋವಿಯಲ್ಲೇ ಮಾಡಬೇಕಿಲ್ಲ. .22 ರಿಮ್‌ಫೈರ್ (ಒದೆತವೇ ಇಲ್ಲದಂಥ ಸಣ್ಣ ತೋಟಾದ ಕೋವಿ) ಒಂದಿದ್ದರೆ ಕೂತು, ಮಂಡಿಯೂರಿ, ಮರಕ್ಕೆ ಒರಗಿ ಮನಸೋ ಇಚ್ಛೆ ಹಾರಿಸಬಹುದು. ಮನೆಯಲ್ಲಿ ಡಮ್ಮಿ ತೋಟಾ (ಮದ್ದಿಲ್ಲದ ನಕಲಿ) ಹಾಕಿ ಕುದುರೆ ಒತ್ತುವ ಅಭ್ಯಾಸ ಮಾಡಿ, ನಿಜವಾದ ತೋಟಾ ಆ ಕೋಣೆಯಲ್ಲೇ ಇರಬಾರದು. ಬೇಟೆಯ ಕೋವಿಯಲ್ಲಿ ಒಂದು ಸಲಕ್ಕೆ ಹತ್ತು–ಹದಿನೈದು ಈಡು ಸಾಕು. ಗೆಳೆಯನಿಗೆ ಹೇಳಿ ಆಗಾಗ ನಿಮಗೆ ಗೊತ್ತಾಗದಂತೆ ಡಮ್ಮಿ ತೋಟಾ ತುಂಬಿಸಿ: ಕುದುರೆ ಒತ್ತಿದಾಗ ಸದ್ದಾಗದೆ ಮೂತಿ ಕೆಳಗೆ ಕುಸಿದರೆ ಒದೆತದ ಭಯ ಹಿಡಿದಿದೆ ಎಂದರ್ಥ. ಆಗ ತೋಟಾ ಒಂದು ಮೆಟ್ಟಿಲು ಇಳಿಸಿ. ನಾಚಿಕೆಪಡುವ ವಿಷಯವೇನಲ್ಲ.

ಹೊರಡುವ ಮುನ್ನ

ವಿಮಾನದಲ್ಲಿ ಒಯ್ಯುವುದಾದರೆ ಕೋವಿ ಖಾಲಿಯಿರಬೇಕು, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿರಬೇಕು, ಚೆಕ್-ಇನ್ ಕೌಂಟರಿನಲ್ಲಿ ಬಾಯಿಬಿಟ್ಟು ತಿಳಿಸಬೇಕು. ತೋಟಾ ಅದರ ಮೂಲ ಡಬ್ಬಿಯಲ್ಲೇ ಇರಲಿ, ಎಷ್ಟು ಒಯ್ಯಬಹುದೆಂದು ವಿಮಾನ ಕಂಪನಿಯನ್ನು ಕೇಳಿ.

ಬೋಲ್ಟಿನ ಎಣ್ಣೆಯನ್ನು ಒರೆಸಿ ತೆಗೆಯಿರಿ, ಸೊನ್ನೆಗಿಂತ ಕೆಳಗಿನ ಚಳಿಗೆ ಎಣ್ಣೆ ಗಟ್ಟಿಯಾಗಿ ಕೋವಿ ಹಾರದೇ ಇರಬಹುದು. ನಳಿಗೆಯ ಬಾಯಿಗೆ ಒಂದು ತುಂಡು ಎಲೆಕ್ಟ್ರಿಕ್ ಟೇಪ್ ಅಂಟಿಸಿದರೆ ಹಿಮ ಒಳಹೋಗುವುದಿಲ್ಲ. ಅದನ್ನು ತೆಗೆಯದೆಯೇ ಹಾರಿಸಬಹುದು, ಗುರಿ ಕೆಡದು. ಕೊಲೊರಾಡೊದಲ್ಲಿ ಸೊಂಟದ ಮೇಲೆ ಕನಿಷ್ಠ 500 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಹೊಳಪುಬಟ್ಟೆ ಮತ್ತು ಅದೇ ಬಣ್ಣದ ಟೋಪಿ ಕಡ್ಡಾಯ.

ಎಲ್ಕ್ ಬಿದ್ದ ಮೇಲೆ ನಾಲ್ಕು ಕಾಲು, ಬೆನ್ನುಮಾಂಸ, ಒಳಮಾಂಸ ಎಲ್ಲವನ್ನೂ ಹೊತ್ತು ತರಲೇಬೇಕು, ಬಿಟ್ಟು ಬಂದರೆ ಅಪರಾಧ. ಗಂಡಿನ ಒಂದು ಹಿಂಗಾಲೇ 25–30 ಕಿಲೋ ತೂಗುವುದರಿಂದ ನಾಲ್ಕೈದು ಸುತ್ತು ನಡೆಯಬೇಕಾಗುತ್ತದೆ. ಕೋವಿಯಲ್ಲಿ ಉಳಿಸಿದ ಎರಡು ಪೌಂಡ್ ಆಗ ನಿಜವಾಗಿ ಲೆಕ್ಕಕ್ಕೆ ಬರುತ್ತದೆ.

ಬೇಟೆಯ ಜಾಗ ಮುಟ್ಟಿದ ದಿನವೇ, ಸೀಸನ್ನು ಶುರುವಾಗುವ ಮುನ್ನ, ಹತ್ತಿರದ ಅಂಕಣದಲ್ಲಿ ಎರಡು ಈಡು ಹಾರಿಸಿ ಗುರಿ ನೋಡಿಕೊಳ್ಳಿ. ಪ್ರಯಾಣದ ಕುಲುಕಾಟಕ್ಕೆ ಸ್ಕೋಪ್ ಜರುಗಿರಬಹುದು, ಎತ್ತರದ ತೆಳು ಗಾಳಿಯಲ್ಲಿ ಗುಂಡು ಊರಿನಲ್ಲಿ ಬಿದ್ದದ್ದಕ್ಕಿಂತ ತುಸು ಮೇಲೂ ಬೀಳಬಹುದು. ಬಳೆಗಳ ತಿರುಪು ಬಿಗಿಯಿದೆಯೇ ಎಂದು ನೋಡಲು ಟಾರ್ಕ್ಸ್ ಕೀಲಿ ಒಂದನ್ನು ಚೀಲದಲ್ಲಿ ಇಟ್ಟುಕೊಳ್ಳಿ.